ಹೋಪೋ, ವಿಶ್ಶೋ

ಡ್ರೈವಿಂಗ್ ಲೈಸೆನ್ಸ್ ಕಚೇರಿಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿ, ತನ್ನನ್ನು ಯಾವಾಗ ಕರೆಯುತ್ತಾರೋ ಎಂದು ಬಾಗಿಲನ್ನೇ ನೋಡುತ್ತಿದ್ದ. ಪಕ್ಕದಲ್ಲೇ ಒಬ್ಬ ಅತ್ತೆ, ಸೊಸೆ.

“ನಿನ್ನ ಇಂಗ್ಲಿಷ್ ನನ್ನ ತಲೆಗೆ ಹತ್ತಲ್ಲ ಕಣೆ. ವಿಶ್ಶೂ ಆಸೆ, ಹೋಪೂ ಆಸೆ. ಎರಡ್ಯಾಕೆ?”

“ಆಗೋ ಹಾಗೆ ಕಾಣದಿದ್ರೂ ಬಯಸಿದ್ರೆ ವಿಶ್, ಅತ್ತೆ. ಆಗುತ್ತೆ ಅನ್ನೋ ನಂಬಿಕೆಯಿದ್ರೆ ಹೋಪ್.”

“ಮೂರು ಸಲ ಫೇಲಾಗಿದೀನಿ. ಇವತ್ತು ಪಾಸಾಗೋದು?”

“ಹೋಪೇ!”

“ಬಾಯಿಮಾತಿಗೆ ಹೇಳ್ಬೇಡ.”

“ನಿಮ್ಮಾಣೆಗೂ.”

ಅಷ್ಟರಲ್ಲಿ ಅತ್ತೆಯನ್ನು ಕರೆದರು. ಹತ್ತೇ ನಿಮಿಷಕ್ಕೆ ಮುಖ ಮೊರದಗಲ ಮಾಡಿಕೊಂಡು ಬಂದರು.

“ಪಾಸು! ಹತ್ತು ಹಿಂದೆ, ಮನೆವರೆಗೂ ನಾನೇ ಓಡಿಸ್ತೀನಿ.”

ಸೊಸೆ ಸ್ಕೂಟರ್ ಹತ್ತಿ, ಅತ್ತೆಯ ಸೊಂಟ ತಬ್ಬಿ, ಕಣ್ಣು ಮುಚ್ಚಿದಳು.

“ಯಾಕೇ, ಹೋಪ್ ಇಲ್ವಾ?”

“ಮನೆ ಸೇರೋವರೆಗೂ ವಿಶ್ಶೇ, ಅತ್ತೆ!”

ಇಬ್ಬರ ನಗುವೂ ಗೇಟು ದಾಟುವವರೆಗೆ ನೋಡುತ್ತಲೇ ಇದ್ದ ದರ್ಜಿಗೆ, ತನ್ನನ್ನು ಕರೆದದ್ದು ಎರಡನೇ ಸಲಕ್ಕೆ ಕೇಳಿಸಿತು.