ಏಸಿ ಒಳಗಿನ ಚೆಂಡು ಹೂವು

ಕಾಕ್ಸ್ ಟೌನಿನ ಗ್ಯಾರೇಜಿನಲ್ಲಿ ನನ್ನ ಸ್ಕೂಟರಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಹದಿನೈದು ವರ್ಷದ ಹಳೆಯ ಕಾರು. ಅದರ ಒಡತಿ ಶಾಂತಕುಮಾರಿ ಮೆಕ್ಯಾನಿಕ್ ದುರ್ಗೇಶನ ಹತ್ತಿರ ದೂರುತ್ತಿದ್ದರು.

“ಏಸಿಲಿ ಗಾಳೀನೇ ಬರಲ್ಲ. ಗ್ಯಾಸ್ ಖಾಲಿನಾ? ಈ ಗಾಡಿ ಮಾರ್ಬಿಡೋಣ ಅಂತ ನಮ್ಮನೆಯವರ ತಲೆ ತಿಂದಿದೀನಿ.”

“ಗ್ಯಾಸ್ ಬರೋಬ್ಬರಿ ಐತ್ರಿ ಅಮ್ಮಾ. ಏಸಿ ಫಿಲ್ಟರ್ ತುಂಬಾ ನೋಡ್ರಿ, ಒಣಗಿದ ಚೆಂಡು ಹೂವು!”

“ಅಯ್ಯೋ! ಆಯುಧಪೂಜೆಗೆ ಬಾನೆಟ್ ಮೇಲೆ ಬುಟ್ಟಿಗಟ್ಟಲೆ ಸುರಿಯೋಳು ನಾನೇ.”

“ಮುಂದಿನ ಗಾಜಿನ ಬುಡದ ಸಂದ್ಯಾಗಿಂದ ಒಳಗ ಬಿದ್ದಾವ್ರಿ. ಎಲ್ಲಾ ತೆಗದೀನಿ. ಈಗ ಏಸಿ ಮುಂದ ಕೈ ಹಿಡೀರಿ.”

“ಆಹಾ, ತಣ್ಣಗಿದೆ! ದುರ್ಗೇಶ, ನಮ್ಮನೆಯವರು ಕೇಳಿದ್ರೆ ಬರೀ ಧೂಳು ಅಂತ ಹೇಳಪ್ಪ.”

“ಸಾಹೇಬ್ರು ಮುಂಜಾನೆನೇ ಫೋನ್ ಮಾಡಿದ್ರು ನೋಡ್ರಿ. ‘ಹೂವೇ ಇರ್ಬೇಕು. ಅವಳು ಬೇಜಾರು ಮಾಡ್ಕೋತಾಳೆ, ಅವಳಿಗೆ ಬರೀ ಧೂಳು ಅಂತ ಹೇಳ್ಬಿಡು’ ಅಂದಿದ್ರು. ನಾನೇ ಮರತು ಬಾಯಿಬಿಟ್ಟೆ.”

ಶಾಂತಕುಮಾರಿ ಜೋರಾಗಿ ನಕ್ಕು, ನಾಲ್ಕೂ ಕಿಟಕಿ ಏರಿಸಿಕೊಂಡು ಹೊರಟರು.