ರಂಗಣ್ಣ ಬಿಗಿದ್ನೋ, ಬಿಚ್ಚಿದ್ನೋ

...ಅದಕ್ಕೇ ಹೇಳ್ದೆ, ನಂಗೆ ಮೊದ್ಲಿಂದ್ಲೂ ಯಾರ್ ಮೇಲೂ ನಂಬ್ಕೆ ಕಮ್ಮಿ ಕಣ್ರೋ. ಈಗ್ಲೂ ಬೀಗ ಹಾಕಿ ನಾಕು ಸಲ ಎಳೆದು ನೋಡ್ತೀನಿ, ನಗ್ಬೇಡ್ರೋ, ನೋಡ್ತೀನಿ. ಆವಾಗ ಗುಬ್ಬಿಯಿಂದ ಬಂದು ಬಟವಾಡಿ ಹತ್ರ ಒಂದು ಪ್ಲಾಸ್ಟಿಕ್ ಷೆಡ್ಡಲ್ಲಿ ಕೆಲ್ಸಕ್ಕೆ ಸೇರಿದ್ದೆ. ಎಪ್ಪತ್ತೆಂಟೋ ಏನೋ... ಅಲ್ಲ ಅಲ್ಲ, ನಿಮ್ಮಪ್ಪನಿಗೆ ಇನ್ನೂ ಹೆಸ್ರಿಟ್ಟಿರ್ಲಿಲ್ಲ, ಹಂಗಂದ್ರೆ ಎಂಬತ್ತೇ. ಬಾಟ್ಲಿ ಮುಚ್ಚಳ ಮಾಡೋ ಮಿಷಿನ್ನು, ಯಾರೋ ಓಡ್ಸಿ ಓಡ್ಸಿ ಸಾಕಾಗಿ ಮಾರಿದ್ದು. ಮೇಲ್ಗಡೆ ಹಾಪರ್ ಅಂತ ಒಂದು ದೊಡ್ಡ ಡಬ್ಬ, ಅದ್ರೊಳಕ್ಕೆ ಪ್ಲಾಸ್ಟಿಕ್ ಕಾಳು ಸುರಿಯೋದು. ಒಳಗೆ ಒಂದು ಸ್ಕ್ರೂ ತಿರುಗ್ತಾ ಕಾಳು ಕರಗ್ಸಿ ಮುಂದಕ್ಕೆ ತಳ್ಳುತ್ತೆ. ಆ ಸ್ಕ್ರೂ ಮೂತೀಲಿ ಬಳೆ ಥರ ಒಂದು ಉಕ್ಕಿನ ರಿಂಗು, ಕರಗಿದ್ದು ಹಿಂದಕ್ಕೆ ಬರ್ದಂಗೆ ತಡಿಯೋದು ಅದೇ. ಅದು ಒಡೆದ್ರೆ ಮುಗೀತು, ಮುಚ್ಚಳ ಎಲ್ಲಾ ಅರ್ಧರ್ಧ ಬರುತ್ತೆ.

ಮಿಷಿನ್ ಓಡ್ಸೋನು ನಾನು, ರಿಪೇರಿ ಮಾಡೋನು ಕುಣಿಗಲ್ಲಿನ ರಂಗಣ್ಣ, ನನಗಿಂತ ಹತ್ತು ವರ್ಷ ದೊಡ್ಡೋನು. ನಾನ್ ಸೇರಿದ್ ತಿಂಗ್ಳೇ ಆ ರಿಂಗು ಒಡೀತು. ಹಳೇದು, ಒಡೀತು ಬುಡು ಅನ್ನೋಣ. ಆದ್ರೆ ನಂಗೆ ಪಕ್ಕದ್ ಷೆಡ್ಡವ್ರ ಮೇಲೆ ಅನುಮಾನ, ಹೋಗ್ತಾ ಬರ್ತಾ ನಮ್ಮ ಮಿಷಿನ್ನನ್ನೇ ನೋಡೋರು. ದೃಷ್ಟಿ ತಾಗೈತೆ ಅಂತ ನಿಂಬೆಹಣ್ಣು, ಮೆಣಸಿನ್ಕಾಯಿ ಸಣ್ಣ ತಂತೀಲಿ ಪೋಣ್ಸಿ ಹಾಪರ್ ಮೇಲೇ ಕಟ್ದೆ. ರಂಗಣ್ಣ ಶಿರಾ ಗೇಟ್ ಲೇತ್ ಅಂಗಡೀಲಿ ಹೊಸ ರಿಂಗ್ ಮಾಡಿಸ್ಕೊಂಡ್ ಬಂದು ಹಾಕ್ದ. ಹದಿನೈದು ದಿನಕ್ಕೆ ಅದೂ ಹೋಯ್ತು. ನೋಡ್ತೀನಿ, ನಿಂಬೆಹಣ್ಣು ಮಾಯ! ಮತ್ತೆ ಕಟ್ದೆ, ಮತ್ತೆ ಮಾಯ. ಯಾರೋ ಬೇಕಂತ್ಲೇ ಮಾಡ್ತಾವ್ರೆ ಅಂತ ಇನ್ನೂ ಬಿಗಿಯಾಗಿ ಕಟ್ದೆ. ಮೂರ್ನೇ ರಿಂಗೂ ಒಡೀತಾ? ಒಡೀತು.

ಆವಾಗಿಂದ ರಂಗಣ್ಣನ್ ಮೇಲೆ ಕಣ್ಣಿಟ್ಟೆ. ಒಡೆದ ರಿಂಗನ್ನ ಗುಜರಿಗೆ ಹಾಕ್ದೇನೇ ಬಟ್ಟೇಲಿ ಸುತ್ತಿ ಚೀಲಕ್ಕೆ ಹಾಕ್ಕೋತಿದ್ದ. ಯಾಕೆ, ಹೇಳಿ? ಇನ್ನೊಂದು ನೋಡಿ, ನಲ್ಲಿಯಾಗ್ಲಿ ಬೋಲ್ಟಾಗ್ಲಿ ಬಿಚ್ಚೋದು ಎಡಕ್ಕೆ ತಾನೆ? ಇವ್ನು ಸ್ಕ್ರೂ ಮೂತಿಗೆ ಸ್ಪ್ಯಾನರ್ ಹಾಕಿ ಬಲಕ್ಕೆ ಎಳೀತಿದ್ದ. ಬಿಚ್ತೀನಿ ಅಂತ ಬಿಗೀತಾವ್ನೆ, ಅದಕ್ಕೇ ರಿಂಗು ಬಿರೀತೈತೆ, ಅಂತ ನಾನೇ ತೀರ್ಮಾನ ಮಾಡ್ದೆ. ಅವ್ನ ಜೊತೆ ಮಾತು ಬಿಟ್ಟೆ. ಎದ್ರಿಗೆ ಬಂದ್ರೆ ಎದ್ದು ಹೋಗ್ತಿದ್ದೆ. ಒಂದಿನ ಸೀದಾ ಹೋಗಿ ಓನರ್‌ಗೆ ಎಲ್ಲಾ ಊದ್ಬಿಟ್ಟೆ. ಓನರ್‌ಗೆ ಮೊದ್ಲೇ ಆರ್ಡರ್ ನಿಂತೋಗಿ ತಲೆ ಕೆಟ್ಟಿತ್ತು. ಎಲ್ರ ಮುಂದೆ ರಂಗಣ್ಣನ ಚೀಲ ಬಿಚ್ಚಿಸ್ದ, ಒಡೆದ ರಿಂಗು ಸಿಕ್ತು. ಕಳ್ಳ ಅಂದ, ಇನ್ಮೇಲೆ ಗೇಟಿನ್ ಒಳಕ್ಕೆ ಬರ್ಬೇಡ ಅಂದ. ರಂಗಣ್ಣ ನನ್ನ ಒಂದ್ಸಲ ನೋಡ್ದ, ಟವೆಲ್ ಹೆಗಲ್ಗೆ ಹಾಕ್ಕೊಂಡು ಹೋದ. ನಂಗೆ ಖುಷಿಯಾಯ್ತು ಕಣ್ರೋ, ಸುಳ್ಯಾಕೆ ಹೇಳ್ಲಿ.

ಹತ್ತು ದಿನ ಆಗಿಲ್ಲ, ನಾಕ್ನೇ ರಿಂಗೂ ಹೋಯ್ತು! ಈಗ್ಯಾರ್ ಬಿಗಿದ್ರು? ಓನರು ನೀನೇ ಬಿಚ್ಚು ಅಂದ. ಬಿಸಿ ಇರೋವಾಗ್ಲೇ ಬಿಚ್ಬೇಕು, ಆರಿದ್ರೆ ಪ್ಲಾಸ್ಟಿಕ್ ಕಲ್ಲಾಗುತ್ತೆ. ಎಡಕ್ಕೆ ಎಳ್ದೆ, ಅಲ್ಲಾಡ್ಲಿಲ್ಲ. ಇನ್ನೊಬ್ನನ್ನೂ ಕರ್ದು ಇಬ್ರೂ ಜೋತ್ಬಿದ್ವಿ, ಊಹೂಂ. ಸಿಟ್ಟಿಗೆ ಸ್ಪ್ಯಾನರ್‌ನ ಬಲಕ್ಕೆ ಒದ್ದೆ ನೋಡಿ, ಸಲೀಸಾಗಿ ಬಂತು. ಉಲ್ಟಾ ಥ್ರೆಡ್ಡು! ಆ ಸ್ಕ್ರೂ ತಿರುಗೋವಾಗ ಬಿಚ್ಕೋಬಾರ್ದು ಅಂತ ಮಾಡಿರೋದೇ ಹಂಗಂತೆ. ರಂಗಣ್ಣ ಬಿಗೀತಿರ್ಲಿಲ್ಲ, ಬಿಚ್ತಾನೇ ಇದ್ದ. ರಿಂಗ್ ಬಿಡಿಸ್ದೆ, ಒಳಗೆ ತಂತಿ ಚೂರು ಸಿಕ್ಕಾಕ್ಕೊಂಡೈತೆ. ತಲೆ ಎತ್ತಿ ನೋಡ್ತೀನಿ, ನಾನ್ ಕಟ್ಟಿದ್ದ ನಿಂಬೆಹಣ್ಣು ಒಣಗಿ ಬಿದ್ದೋಗೈತೆ, ಮಿಷಿನ್ ಅದುರಿ ಅದುರಿ ಕೆಳಗಿನ್ ತಂತಿ ತುಂಡಾಗಿ ಹಾಪರ್‌ಗೆ ಹೋಗೈತೆ. ಒಡೆದೋನು ನಾನೇ ಕಣ್ರೋ.

ಓನರ್ ಹತ್ರ ಒಪ್ಕೊಂಡೆ. ಬಾಯಿಗೆ ಬಂದಂಗೆ ಬೈದು, ಹೋಗಿ ಅವ್ನನ್ನ ಕರ್ಕೊಂಡ್ ಬಾ ಅಂದ. ಕುಣಿಗಲ್ ಬಸ್ ಹತ್ತಿ ಹೋದೆ. ರಂಗಣ್ಣ ಒಂದು ಪಂಪ್‌ಸೆಟ್ ಅಂಗಡೀಲಿ ಕೂತಿದ್ದ. ನಾನ್ ಹೇಳೋದೆಲ್ಲಾ ಕೆಲ್ಸ ಮಾಡ್ತಾನೇ ಕೇಳಿಸ್ಕೊಂಡ.

"ತಂತಿ ಅಂತ ಎರಡ್ನೇ ರಿಂಗಲ್ಲೇ ಅನುಮಾನ ಬಂತಪ್ಪಾ, ಮೂರ್ನೇದ್ರಲ್ಲಿ ಖಾತ್ರಿ ಆಯ್ತು. ಗೀರು ನೋಡಕ್ಕೇ ಮನೆಗೆ ತಗೊಂಡೋಗಿದ್ದು. ನಿನ್ ನಿಂಬೆಹಣ್ಣು ಬಿಚ್ಚಿ ಎಸ್ದಿದ್ದೂ ನಾನೇ. ಓನರ್‌ಗೆ ಹೇಳಿದ್ರೆ ನಿನ್ ಕೆಲ್ಸ ಹೋಗ್ತಿತ್ತು, ಮನೇಲಿ ಬಾಣಂತಿ ಅವ್ಳೆ ಅಂತಿದ್ದೆ."

"ನಂಗಾದ್ರೂ ಹೇಳ್ಬಾರ್ದಿತ್ತಾ ರಂಗಣ್ಣಾ?"

"ಮೂರು ಸಲ ಬಂದೆ. ನನ್ನ ನೋಡ್ತಿದ್ದಂಗೇ ಎದ್ದೋದೆ."

ವಾಪಸ್ ಬಾ ಅಂತ ಕೈ ಮುಗ್ದೆ. ಕಳ್ಳ ಅನ್ನಿಸ್ಕೊಂಡ ಜಾಗಕ್ಕೆ ಕಾಲಿಡಲ್ಲ ಅಂದ. ಬರ್ಲೇ ಇಲ್ಲ. ಅವ್ನ ಕೆಲ್ಸಾನೂ ಆಮೇಲೆ ನಾನೇ ಮಾಡ್ದೆ, ಇಪ್ಪತ್ತು ವರ್ಷ. ಅದ್ರಿಂದ್ಲೇ ನಿಮ್ಮಪ್ಪನ್ನ ಓದಿಸಿದ್ದು. ಯಾರ್ ಮೇಲಾದ್ರೂ ಅನುಮಾನ ಬಂದ್ರೆ ಮುಖ ತಿರುಗಿಸ್ಕೊಂಡ್ ಹೋಗ್ಬೇಡಿ, ನಿಂತು ಅವ್ರನ್ನೇ ಕೇಳ್ಬಿಡಿ. ಅಷ್ಟೇ. ಏಳಿ, ಕೈ ತೊಳ್ಕೊಳ್ಳಿ, ಮುದ್ದೆ ಆರೋಗುತ್ತೆ.