ಟ್ಯಾಂಕ್ ಮನೆಯ ಉತ್ತರ

ಅಯ್ಯೋ ಬೇಡ, ಬೇಡ! ನೀವ್ಯಾಕೆ ಹತ್ತೋಕೆ ಹೋಗ್ತೀರಿ ಮೇಡಂ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಬೆಳಗ್ಗೆ ಜೀಪಲ್ಲಿ ಹೋಗಿ ಬಂದ್ರಲ್ಲ, ಅದಕ್ಕೇ ಟ್ಯಾಂಕ್ ಮನೆ ಇಲ್ಲೇ ಪಕ್ಕದಲ್ಲಿದೆ ಅನ್ನಿಸಿದೆ ನಿಮಗೆ. ಈಗ ಜೀಪು ಹೊರಟುಹೋಯ್ತು, ಗುಡ್ಡದ ಮೆಟ್ಟಿಲು ಹತ್ತಿ ನೋಡಿ, ಮಂಡಿಚಿಪ್ಪು ಕಳಚಿ ಕೈಗೆ ಬರುತ್ತೆ! ಮೇಲೆ ನನ್ನ ತಮ್ಮ ಇದ್ದಾನೆ, ಬೆಳಗ್ಗೆ ನೀವು ಹೋದಾಗ ಇನ್ನೂ ಬಂದಿರಲಿಲ್ಲ. ಅಲ್ಲಿ ಏನು ನೋಡಬೇಕೋ ನನಗೆ ಹೇಳಿ. ನಾನು ಫೋನಲ್ಲಿ ಅವನಿಗೆ ಹೇಳ್ತೀನಿ, ಅವನು ನೋಡಿ... ಹೇಳ್ತಾನೆ. ಅಷ್ಟೇ ತಾನೆ?

ನೀವೇ ಮಾತಾಡ್ತೀರಾ? ಬೇಡ ಬಿಡಿ. ಅಂದ್ರೆ... ಅವನಿಗೆ ಹೊಸಬರು ಅಂದ್ರೆ ಸಂಕೋಚ. ಅದ್ರಲ್ಲೂ ಓದಿದ ಹೆಣ್ಣುಮಗಳು ಅಂದ್ರೆ ಮುಗೀತು. ಯಾಕೆ ನಗ್ತೀರಿ? ನಿಜ! ಅವನ ಪಾಲಿನ ಮಾತನ್ನೂ ದೇವರು ನನ್ನ ಬಾಯಿಗೇ ಸುರಿದುಬಿಟ್ಟಿದ್ದಾನೆ. ಬೆಳಗ್ಗೆಯಿಂದ ನಿಮ್ಮ ತಲೆ ತಿಂತಾ ಇದ್ದೀನಲ್ಲ, ಗೊತ್ತಾಗಲಿಲ್ವಾ?

ಟೀ ತಣ್ಣಗಾಯ್ತು, ಕುಡೀರಿ. ನೀವು ಆಗ ಹೇಳಿದ್ದು ನನಗೆ ಅರ್ಥವಾಯ್ತೋ ಇಲ್ವೋ, ಒಂದು ಸಲ ಒಪ್ಪಿಸಿಬಿಡ್ತೀನಿ, ತಪ್ಪಿದ್ರೆ ಹೇಳಿ. ಈ ಗೋಡೆ ಮೇಲಿರೋ ಪಿಎಲ್‌ಸಿ ಅನ್ನೋ ಕಂಟ್ರೋಲ್ ಪೆಟ್ಟಿಗೆ ಪಂಪ್ ಓಡಿಸುತ್ತೆ. ಗುಡ್ಡದ ಮೇಲಿರೋ ಇನ್ನೊಂದು ಪಿಎಲ್‌ಸಿ ಟ್ಯಾಂಕಲ್ಲಿ ನೀರೆಷ್ಟಿದೆ ಅಂತ ನೋಡ್ಕೊಳ್ಳುತ್ತೆ. ಇಷ್ಟು ವರ್ಷ ಇವೆರಡಕ್ಕೂ ಮಾತುಕತೆ ಇರಲಿಲ್ಲ. ನಡುವೆ ನಾವಣ್ಣತಮ್ಮಂದಿರು. ಅವನು ಅಲ್ಲಿಂದ ನೀರಿನ ಮಟ್ಟ ತಿಳಿಸೋದು, ನಾನು ಇಲ್ಲಿ ಪಂಪ್ ಹಾಕೋದು, ಆರಿಸೋದು. ಈಗ ನೀವು ಪೈಪಿನ ಪಕ್ಕದಲ್ಲೇ ಕೇಬಲ್ ಎಳೆಸಿದ್ದೀರಿ. ಇನ್ಮೇಲೆ ಇದು ಕೇಳುತ್ತೆ, ನೀರೆಷ್ಟು? ಅದು ಹೇಳುತ್ತೆ, ಇಷ್ಟು. ಉತ್ತರ ಬರದಿದ್ರೆ ಮತ್ತೆ ಕೇಳುತ್ತೆ. ಮೂರು ಸಲ ಕೇಳಿದ್ರೂ ಬರದಿದ್ರೆ, ಅಲ್ಲಿರೋದು ಸತ್ತಿದೆ ಅಂತ ಲೆಕ್ಕ ಹಾಕಿ ಪಂಪ್ ನಿಲ್ಲಿಸಿಬಿಡುತ್ತೆ. ಸರೀನಾ? ನೋಡಿದ್ರಾ, ದಡ್ಡನೇನಲ್ಲ ನಾನು!

ಆದ್ರೆ ಮೂರೇ ಸಲಾನಾ ಮೇಡಂ? ಇನ್ನೂ ಸ್ವಲ್ಪ ಜಾಸ್ತಿ ಇಡಬಹುದಿತ್ತಪ್ಪ. ಉತ್ತರ ಕೊಡದವರೆಲ್ಲ ಸತ್ತೇಹೋದ್ರು ಅಂತಾನಾ? ತಡವಾಗಿ ಹೇಳೋರೂ ಇರ್ತಾರೆ... ಹೂಂ, ಹೂಂ, ಯಂತ್ರದ ಮಾತು ಬೇರೆ. ಒಪ್ಪಿದೆ.

ಇನ್ನೊಂದು ಮಾತು. ಕೋಪ ಮಾಡ್ಕೋಬೇಡಿ. ನಮ್ಮ ಸಾಹೇಬ್ರು ಹೇಳ್ತಿದ್ರು, ಇದೆಲ್ಲ ಆದ್ಮೇಲೆ ಮೇಲಿನ ಮನೆಗೆ ಆಳು ಬೇಕೋ ಬೇಡ್ವೋ ಅನ್ನೋದು ನಿಮ್ಮ ಬಾಯಲ್ಲಿದೆ ಅಂತ. ನನ್ನದು ಬಿಡಿ. ಪಂಪ್ ಇರೋವರೆಗೂ ಎಣ್ಣೆ ಬಿಡೋಕೆ, ನಟ್ಟು ಬಿಗಿಯೋಕೆ ಒಬ್ಬ ಬೇಕು. ತಮ್ಮನದೇ ಚಿಂತೆ. ಕೇಬಲ್ಲನ್ನ ಇಲಿ ಕಡೀಬಹುದು, ಸಿಡಿಲು ಹೊಡೀಬಹುದು, ಮೇಲೆ ಒಬ್ಬ ಇದ್ರೆ ಒಳ್ಳೇದು ಅಂತ ಒಂದು ಮಾತು ಹೇಳಿಬಿಡ್ತೀರಾ? ಸುಳ್ಳೇನೂ ಅಲ್ಲವಲ್ಲ. ಇಲಿ ಇದ್ದೇ ಇದಾವೆ... ಸರಿ, ಸರಿ. ಮೊದಲು ಕೆಲಸ ಆಗಲಿ ಅಂತೀರಿ. ಅದೂ ನ್ಯಾಯಾನೇ.

ಅಲ್ಲಾ, ಈ ಕೆಂಪು ದೀಪ ಮಿಟುಕಿಸ್ತಾನೇ ಇದೆಯಲ್ಲ, ಏನಂತೆ ಇದಕ್ಕೆ ರೋಗ? ಮೇಲಿನದರಲ್ಲಿ ಯಾವ ಬಣ್ಣ ಇದೆ ಅಂತ ಬೇಕಾ? ತಡೀರಿ, ನಾನು ಕೇಳ್ತೀನಿ. ಫೋನ್ ನನ್ನ ಹತ್ರಾನೇ ಇರಲಿ.

ಹಲೋ. ನಾನು ಕಣೋ. ಪೆಟ್ಟಿಗೆ ಬಾಗಿಲು ತೆಗೆದಿದ್ದೀಯಾ? ...ಹೂಂ. ಒಳಗೊಂದು ಪುಟ್ಟ ದೀಪ ಇದೆ, ಕೆಂಪಾ? ...ಹೂಂ, ಕೆಂಪು. ಮಿಟುಕಿಸ್ತಿದೆಯಾ? ...ಹೂಂ. ಅಲ್ಲೇ ಇರು, ಫೋನ್ ಇಡಬೇಡ.

ಅಲ್ಲೂ ಕೆಂಪು ಮೇಡಂ, ಇಲ್ಲಿನ ಹಾಗೇ. ಏನು? ನಾನೇ ಪ್ರಶ್ನೆ ಕೇಳಿ ನಾನೇ ಉತ್ತರ ಹೇಳ್ಕೊಂಡ ಹಾಗಿದೆಯಾ? ಇಲ್ಲಪ್ಪ! ಅವನೇ ಹೇಳಿದ್ದು. ದನಿ ಸಣ್ಣದು, ನಿಮಗೆ ಕೇಳಿಸಲಿಲ್ಲ ಅಷ್ಟೆ. ನೆಗಡಿ ಬೇರೆ ಆಗಿ ಗಂಟಲು ಕಟ್ಟಿದೆ. ...ಆಗ ಸಂಕೋಚ ಅಂದೆ, ಹೌದು. ಸಂಕೋಚಾನೂ ಇದೆ, ನೆಗಡೀನೂ ಇದೆ. ಎರಡೂ ಒಬ್ಬನಿಗೇ ಇರಬಾರದು ಅಂತ ಏನಾದ್ರೂ ಇದೆಯಾ? ಹಾಗೆ ನೋಡಬೇಡಿ ಮೇಡಂ, ನೀವು ಆ ಕಂಪ್ಯೂಟರ್ ನೋಡಿ.

ಓ... ಎರಡಕ್ಕೂ ಒಂದೇ ನಂಬರಾ? ಅದಕ್ಕೇ! ಇದಕ್ಕೆ ಒಂದು, ಅದಕ್ಕೆ ಎರಡು ಇರಬೇಕಿತ್ತು, ಬೆಳಗ್ಗೆ ನೀವು ತಿರುಗಿಸೋಕೆ ಮರೆತ್ರಾ? ಅಯ್ಯೋ, ಅದಕ್ಯಾಕೆ ಮುಖ ಕೆಂಪು ಮಾಡ್ಕೊತೀರಿ! ಮನುಷ್ಯ ಅಂದ್ಮೇಲೆ ಮರೆವು ಇದ್ದದ್ದೇ. ನಾನು ಯಾರಿಗೂ ಹೇಳಲ್ಲ, ಆಣೆ. ನಾನು ಹೇಳಲ್ಲ, ನೀವೂ... ಏನಿಲ್ಲ. ಏನೂ ಇಲ್ಲ.

ನಮ್ಮಮ್ಮನ ಕಥೆ ಇದೇ ಕಣ್ರೀ! ನಮ್ಮಿಬ್ಬರನ್ನೂ ಅಮ್ಮ ಕರೀತಿದ್ದದ್ದು ಒಂದೇ ಥರ, "ಲೋ ಮಗಾ!" ಅಂತ. ತಿಂಡಿ ಅಂದ್ರೆ ಇಬ್ಬರೂ ಒಟ್ಟಿಗೆ "ಆ" ಅಂತ ಓಡಿ ಹೋಗಿ ಬಾಗಿಲಲ್ಲಿ ತಲೆ ತಲೆ ಡಿಕ್ಕಿ. ಸೌದೆ ತರೋಕೆ ಅಂದ್ರೆ ಒಬ್ಬನೂ ಇಲ್ಲ! ಅವನು ನಿನ್ನನ್ನೇ ಕರೆದದ್ದು ಅಂತಿದ್ದ, ನಾನು ನಿನ್ನನ್ನೇ ಅಂತಿದ್ದೆ. ಕೊನೆಗೆ ಅಮ್ಮ ಅವನಿಗೆ "ವಾಚಾಳಿ" ಅಂತ ಹೆಸರಿಟ್ಟಳು, ಆಮೇಲೆ ಗೊಂದಲ ಇರಲಿಲ್ಲ...

ವಾಚಾಳಿ ಅಂದೆನಾ? ಅವನಿಗಾ? ...ಚಿಕ್ಕಂದಿನಲ್ಲಿ ಮೇಡಂ. ಚಿಕ್ಕಂದಿನಲ್ಲಿ ಎಲ್ಲರೂ ಮಾತಾಡ್ತಾರೆ.

ಸರಿ, ಏನು ಮಾಡಿಸಬೇಕು ಹೇಳಿ. ಒಳಗೆ ಒಂದು ಪುಟ್ಟ ತಿರುಗಣೆ. ಅದರ ಬಾಣ ಒಂದರ ಮೇಲಿದೆ, ಎರಡಕ್ಕೆ ತಿರುಗಿಸಿ, ಕರೆಂಟ್ ಆರಿಸಿ ಹಾಕಬೇಕು. ಹಲೋ, ಇದ್ದೀಯಾ? ...ಹೂಂ. ದೀಪದ ಕೆಳಗೆ ಒಂದು ಬಿಳಿ ತಿರುಗಣೆ ಕಾಣುತ್ತಾ? ...ಹೂಂ. ಸಣ್ಣ ಸ್ಕ್ರೂಡ್ರೈವರ್ ತಗೋ. ಬಾಣ ಎರಡಕ್ಕೆ ಬರಬೇಕು. ನಿಧಾನ. ಆತುರ ಬೇಡ, ಎಡಗೈಲಿ ನಿಧಾನಕ್ಕೆ... ಜಾರಿದ್ರೆ ಜಾರಲಿ ಬಿಡು, ಮತ್ತೆ ಹಿಡಿ. ಯಾರೂ ಅಟ್ಟಿಸ್ಕೊಂಡು ಬಂದಿಲ್ಲ...

ಎಡಚ ಮೇಡಂ ಅವನು. ಹುಟ್ಟಾ ಎಡಚ. ನೀವು ಕೇಳಲಿಲ್ಲ, ಗೊತ್ತು. ನಾನೇ ಹೇಳ್ತಾ ಇದ್ದೀನಿ... ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ, ಹಾಗಾಯ್ತು ನನ್ನದು.

ಆಯ್ತಾ? ...ಆಯ್ತಂತೆ! ಕರೆಂಟ್ ಆರಿಸಿ ಹಾಕೋ. ...ಮೇಡಂ! ಹಸಿರು! ಇಲ್ಲಿ ಹಸಿರು ಬಂತು! ಪರದೆ ಮೇಲೆ ನೀರಿನ ಮಟ್ಟಾನೂ ಬಂತು, ನಲವತ್ತೇಳು. ಮತ್ತೆ ನಲವತ್ತೇಳು. ಎಷ್ಟು ಬೇಗ ಹೇಳುತ್ತೆ ಇದು! ಕೇಳೋದೇ ತಡ... ಗುಡ್ಡದ ಮೇಲಿಂದ, ಕಣ್ಣು ಮುಚ್ಚಿ ತೆಗೆಯೋದರೊಳಗೆ. ಚೆನ್ನಾಗಿದೆ. ಬಹಳ ಚೆನ್ನಾಗಿದೆ ಮೇಡಂ. ಕೆಲಸ ಅಂದ್ರೆ ಹೀಗಿರಬೇಕು.

ಇಲ್ಲ, ಖುಷಿಯಾಗಿದೆ. ಖುಷಿ ಆಗ್ದೇ ಏನು? ಕಣ್ಣಿಗೆ ಏನೋ ಬಿತ್ತು.

ಮುಗೀತಲ್ಲ, ಇನ್ನು ಗಂಟು ಕಟ್ಟೋದೇ? ...ಇನ್ನೂ ಏನಿದೆ? ಪರದೆ ನಲವತ್ತೇಳು ಅಂದ್ರೆ ನಿಜಕ್ಕೂ ಅಷ್ಟೇ ಇದೆಯಾ ಅಂತ ನೋಡಬೇಕಾ? ಟ್ಯಾಂಕಿನ ಹೊರಗಡೆ ಬಣ್ಣದಲ್ಲಿ ಬರೆದ ಅಳತೆ ಪಟ್ಟಿ ಇದೆಯಲ್ಲ, ಅದನ್ನ ಓದಿಸಬೇಕು. ಸರಿ, ನಾನು ಕೇಳ್ತೀನಿ... ಯಾಕೆ, ಕೊಡಿ ಇಲ್ಲಿ. ಮೇಡಂ, ಫೋನ್ ಕೊಡಿ. ನಿಮಗ್ಯಾಕೆ ತೊಂದರೆ? ಅವನಿಗೆ ನೆಗಡಿ ಅಂದೆನಲ್ಲ! ಮೇಡಂ...

ಕೇಳಿಯೇಬಿಟ್ರಿ.

ಹೊರಗೆ ಹೋಗಿ ನೋಡಿ ಬರ್ತಾನೆ, ಸ್ವಲ್ಪ ಹೊತ್ತಾಗುತ್ತೆ. ಅವನ ಕಾಲು... ಅಂದ್ರೆ ಅಲ್ಲಿ ಹಾದಿ ಸರಿ ಇಲ್ಲ. ಅಷ್ಟರಲ್ಲಿ ನನಗೆ ಕೊಟ್ಟುಬಿಡಿ ಫೋನು. ನೀವು ದೊಡ್ಡವರು, ನಿಮ್ಮ ಕೆಲಸ ಬೇಕಾದಷ್ಟಿದೆ. ಕೊಡಲ್ವಾ? ಯಾಕಮ್ಮ ಹಟ ಮಾಡ್ತೀರಿ? ನನ್ನ ಮಗಳ ವಯಸ್ಸು ನಿಮಗೆ. ಕೈ ಮುಗೀತೀನಿ. ಅವನು ವಾಪಸ್ ಬರೋಕೆ ಮುಂಚೆ...

ಬಂದ್ನಾ?

ಏನು ಕೇಳಿಸ್ತಿದೆ? ಏನಾದ್ರೂ ಹೇಳಿ. ಲೈನ್ ಸರಿ ಇಲ್ಲ ಅನ್ನಿಸುತ್ತೆ, ಟಕ್ ಟಕ್ ಅನ್ನುತ್ತೆ ಒಂದೊಂದು ಸಲ, ಹಳೇ ಫೋನು... ಮೇಡಂ? ನಿಮ್ಮ ಬೆರಳು... ಮೇಜಿನ ಮೇಲೆ ನಿಮ್ಮ ಬೆರಳು ಆಡ್ತಿದೆಯಲ್ಲ. ಎಣಿಸ್ತಾ ಇದ್ದೀರಾ?

ಗೊತ್ತಾಯ್ತು ನಿಮಗೆ.

ಮಾತು ಬರಲ್ಲ ತಾಯೀ ಅವನಿಗೆ. ನೆಗಡಿಯೂ ಇಲ್ಲ, ಸಂಕೋಚಾನೂ ಇಲ್ಲ. ಸಂಕೋಚವಂತೆ! ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರಲ್ಲ, ಆ ಜಾತಿಯವನು ಅವನು. ಮಟ್ಟ ಹೇಳೋಕೆ ಫೋನ್ ಮಾಡಿದ್ರೆ ಮಟ್ಟ ಒಂದು ಬಿಟ್ಟು ಊರಿನ ಸುದ್ದಿಯೆಲ್ಲ ಹೇಳಿ ಮುಗಿಸ್ತಿದ್ದ. ನಾನೇ ಬೈದು ಫೋನ್ ಇಡ್ತಿದ್ದೆ. ಹೋದ ಬೇಸಗೆಯಲ್ಲಿ ಲಕ್ವ ಹೊಡೀತು. ಬಲಗಡೆ ಪೂರ್ತಿ. ಕಾಲು ಅಷ್ಟೋ ಇಷ್ಟೋ ಬಂತು, ಕೈ ಬರಲಿಲ್ಲ. ನಾಲಿಗೆಯಂತೂ... ಒಂದಕ್ಷರ ಬರಲಿಲ್ಲ. ದಿನಾ ಬೆಳಗ್ಗೆ ನಾನೇ ತೋಳು ಕೊಟ್ಟು ಮೆಟ್ಟಿಲು ಹತ್ತಿಸಿ ಬರ್ತೀನಿ. ಸಾಹೇಬ್ರಿಗೆ ಗೊತ್ತಿಲ್ಲ. ಅವರು ಮೇಲೆ ಹತ್ತಲ್ಲ, ಅವರಿಗೂ ಮಂಡಿ ಇದೆಯಲ್ಲ.

ನಾವಿಬ್ಬರೇ ಮಾಡ್ಕೊಂಡದ್ದು ಇದು. ಮೊದಲು ಹತ್ತರ ಅಂಕಿ ಬಡೀತಾನೆ, ಸ್ವಲ್ಪ ತಡೆದು ಬಿಡಿ ಅಂಕಿ. ಸೊನ್ನೆ ಬಂದ್ರೆ ಉಗುರಲ್ಲಿ ಕೆರೀತಾನೆ. ನಾನು ತಿರುಗಿ ಹೇಳ್ತೀನಿ, ಸರಿ ಇದ್ರೆ ಒಂದು ಟಕ್, ತಪ್ಪಿದ್ರೆ ಎರಡು. ಒಂದು ಸಲಾನೂ ಟ್ಯಾಂಕ್ ತುಂಬಿ ಹರಿದಿಲ್ಲ, ಬೇಕಾದ್ರೆ ಯಾರನ್ನಾದ್ರೂ ಕೇಳಿ! ಏನಾದ್ರೂ ಅನಾಹುತ ಆದ್ರೆ ಕೂಗೋಕೆ ಬಾಯಿಲ್ಲ ಅಂತೀರಾ... ಆ ಭಯ ನನಗಿಲ್ವಾ? ಅದಕ್ಕೇ ಈ ಫೋನಿನ ಪಕ್ಕದಲ್ಲೇ ಊಟ, ಪಕ್ಕದಲ್ಲೇ ಕೂರೋದು.

ಸಂಬಳಕ್ಕೆ ಅಂದ್ಕೋಬೇಡಿ. ಅದೂ ಹೌದು, ಅಲ್ಲ ಅನ್ನಲ್ಲ. ಆದ್ರೆ ಮನೇಲಿ ಅವನು ಗೋಡೆ ಕಡೆ ತಿರುಗಿ ಕೂತಿರ್ತಾನೆ ತಾಯೀ. ಹೆಂಡತಿ ಮಾತಾಡಿಸಿದ್ರೂ ಇಲ್ಲ, ಮಕ್ಕಳು ಬಂದು ಮೈಮೇಲೆ ಬಿದ್ರೂ ಇಲ್ಲ. ನಾನು ಮೇಜು ಬಡಿದು ತೋರಿಸಿದೆ, ಇಲ್ಲೂ ಹೀಗೇ ಮಾಡೋ ಅಂತ. ಕೈ ಹಿಂದಕ್ಕೆ ಎಳ್ಕೊಂಡ. ಸೊಟ್ಟಗಾದ ಬಾಯಿ ನೋಡ್ತಾರಲ್ಲ ಎಲ್ಲರೂ, ಅದಕ್ಕೆ. ಫೋನಲ್ಲಿ ಮುಖ ಕಾಣಲ್ಲ. ಫೋನಲ್ಲಿ ಮಾತ್ರ ಅವನು ಮೊದಲಿನವನು. ನಾನೇನಾದ್ರೂ ತಮಾಷೆ ಹೇಳಿದ್ರೆ ಟಪಟಪಟಪ ಅಂತ ಬಡೀತಾನೆ... ಅದು ನಗು. ನನ್ನ ತಮ್ಮನ ನಗು ಅದು. ಬೇರೆ ಎಲ್ಲೂ ಉಳಿದಿಲ್ಲ.

ನಿಮ್ಮ ಕೇಬಲ್ಲಿನದೇನೂ ತಪ್ಪಿಲ್ಲ. ಊರಿಗೆ ಒಳ್ಳೇದು. ನನಗೂ ಗೊತ್ತಾಗುತ್ತೆ. ಇನ್ಮೇಲೆ ಅವನನ್ನ ನೀರೆಷ್ಟು ಅಂತ ಕೇಳೋರು ಯಾರು ಅನ್ನೋದೇ...

ಮೇಡಂ, ಮತ್ತೆ ಬಡೀತಿದ್ದಾನಾ? ಬೆರಳು ಮತ್ತೆ ಆಡ್ತಿದೆ ನಿಮ್ಮದು. ನಾಲ್ಕು... ತಡೆದ. ಈಗ ಬಿಡಿ ಅಂಕಿ... ಏಳು. ಅಷ್ಟೇ. ಸರಿಯಾಗೇ ಹೇಳ್ತಿದ್ದಾನೆ ನೋಡಿ! ಅಯ್ಯೋ, ನಾನು ಮಾತಿನ ಭರದಲ್ಲಿ... ನೀವು ತಿರುಗಿ ಹೇಳಬೇಕು ಮೇಡಂ! ಹೇಳದಿದ್ರೆ ಅವನು ಮೊದಲಿಂದ ಬಡೀತಾನೆ. ಇದು ಎರಡನೇ ಸಲಾನಾ? ಮೂರು ಸಲ ನೋಡ್ತಾನೆ, ಆಮೇಲೆ ಫೋನ್ ಇಟ್ಟುಬಿಡ್ತಾನೆ. ಒಂದು ದಿನ ಹಾಗಾಗಿತ್ತು. ನಾನು ಪಂಪಿನ ಸದ್ದಲ್ಲಿ ಕೇಳಿಸ್ಕೊಳ್ಳಲಿಲ್ಲ. ಆವತ್ತು ಪೂರ್ತಿ ಅವನು ಫೋನ್ ಮುಟ್ಟಲಿಲ್ಲ. ಸಂಜೆ ಕರೆದುಕೊಂಡು ಬರೋಕೆ ಹೋದ್ರೆ ಅಲ್ಲೂ ಗೋಡೆ ಕಡೆ ತಿರುಗಿ ಕೂತಿದ್ದ.

ನೀವ್ಯಾಕೆ ಅಳ್ತೀರಿ? ಅಳಬೇಡಿ. ಮೇಲಿನ ಮನೆಗೆ ಆಳು ಬೇಕೋ ಬೇಡ್ವೋ, ಏನು ಹೇಳ್ತೀರೋ ಹೇಳ್ಕೊಳ್ಳಿ, ನಾನಿನ್ನು ಕೇಳಲ್ಲ. ಈಗ ಒಂದು ಮಾತು ಮಾತಾಡಿ ಸಾಕು. ಮೂರನೇ ಸಲ ಶುರು ಮಾಡಿದ್ದಾನೆ ನೋಡಿ... ನಾಲ್ಕು ಆಯ್ತು. ಪರದೆ ಮೇಲೆ ಇದೆ, ಹೌದು, ಆಗಲೇ ಬಂದಿದೆ, ನನಗೂ ಕಾಣ್ತಿದೆ. ಅದನ್ನ ನೋಡಬೇಡಿ. ಅವನಿನ್ನೂ ಹೇಳ್ತಾ ಇದ್ದಾನೆ, ಮುಗಿಸಲಿ. ಮುಗಿಸಿದ ತಕ್ಷಣ ನಲವತ್ತೇಳು ಅನ್ನಿ ತಾಯೀ. ಕೇಳಿಸಿತು ಅನ್ನಿ.